ಸಾಲಿನ ಮೇಲಿದ್ದಾಗ ಮಾತಿಲ್ಲ

ನಮ್ಮ ಸರ್ವೇ ಅಕ್ಕ ಸವಣೂರಿನ ಖಾರವನ್ನು, ಆ ಕುರುಕಲು ತಿಂಡಿಯನ್ನು, ಎಡಗೈಯಿಂದ ತಿನ್ನುತ್ತಿದ್ದರು. ಆ ಬೆರಳಿಗೆಲ್ಲ ಎಣ್ಣೆ, ಅರಿಸಿನ. ಬಲಗೈ ಮಾತ್ರ ಈಗಷ್ಟೇ ತೊಳೆದಂತೆ ಸ್ವಚ್ಛ. ಕೇಳಿದರೆ, "ಬಲಗೈ ಕಂಪ್ಯೂಟರಿಂದು, ಎಡಗೈ ನಂದು" ಎನ್ನುತ್ತಿದ್ದರು.

ಸವಣೂರಿನ ಎಲೆತೋಟದ ಮನೆಯವರು. ಕೆಲಸ ಮಾತ್ರ ಕಾರವಾರದ ಕಡಲಿನಲ್ಲಿ, ಕಡಲತಳದ ಸರ್ವೇ. ದೋಣಿಯ ಅಡಿಗೆ ಕಟ್ಟಿದ ಮಲ್ಟಿಬೀಮ್ ಸೋನಾರ್ ಎಂಬ ಯಂತ್ರ ಸದ್ದನ್ನು ಬೀಸಣಿಗೆಯಂತೆ ಹರಡಿ ಕೆಳಗೆ ಬಿಡುತ್ತದೆ. ತಿರುಗಿ ಬರುವ ಸದ್ದಿನಿಂದ ಕಡಲತಳದ ಏರು ತಗ್ಗು, ಕಲ್ಲು ಕೆಸರು ಎಲ್ಲ ಪರದೆಯ ಮೇಲೆ ಮೂಡುತ್ತದೆ. ಅದಕ್ಕಾಗಿ ದೋಣಿ, ಹೊಲದಲ್ಲಿ ರಂಟೆ ಹೊಡೆದಂತೆ, ಸಾಲು ಸಾಲಾಗಿ ಹೋಗಿಬರಬೇಕು. ಸಾಲು ಸೊಟ್ಟಾದರೆ ನಡುವೆ ಕಾಣದ ಜಾಗ ಉಳಿದುಬಿಡುತ್ತದೆ. ಹಾಗಾಗಿ ಸಾಲಿನ ಮೇಲಿದ್ದಾಗ ಯಾರೂ ಮಾತಾಡುವಂತಿಲ್ಲ. ಮಾತು, ನಗು, ಖಾರ ಎಲ್ಲ ದೋಣಿ ತಿರುಗುವಷ್ಟು ಹೊತ್ತು ಮಾತ್ರ.

ಅಕ್ಕಿಆಲೂರಿನಲ್ಲಿ ಚೀಲ ಹೊತ್ತು ಮೇಲೆ ಬಂದವನು ನಾನು. ಆ ದೋಣಿಗೆ ಅಕ್ಕಿ, ಕಿರಾಣಿ ಕೊಡುತ್ತಿದ್ದೆ. ಮುಂದಿನ ಹಂಗಾಮಿನ ದರಕ್ಕೆ ಅಕ್ಕನ ಒಪ್ಪಿಗೆ ಬೇಕಿತ್ತು. ಕುದುರಿಸೋಣವೆಂದು ದೋಣಿ ಹತ್ತಿದೆ. ಮಾತು ಶುರುವಾಗುವ ಮೊದಲೇ ಅದು ಹೊರಟುಬಿಟ್ಟಿತು. ನಿಮಗೂ ಹೇಳುತ್ತೇನೆ, ಚೌಕಾಶಿಯನ್ನು ದಡದ ಮೇಲೇ ಮುಗಿಸಿಕೊಳ್ಳಿ. ಕಿಟಕಿಯಿಲ್ಲದ ಕೋಣೆ, ಡೀಸೆಲ್ ವಾಸನೆ, ಮೇಲೆ ಆ ಮೌನ. ಬಾಯಿಂದಲೇ ಬದುಕುವವನಿಗೆ ಬೇರೆ ಜೈಲು ಬೇಕೆ?

"ಅಕ್ಕಾರ, ದರದ್ದು..."

"ನಾ ಈಗ ಸಾಲಿನ ಮ್ಯಾಲ ಅದೀನ್ರಿ ಸಾವಕಾರ್ರ. ತಿರುವಿನ್ಯಾಗ ಮಾತಾಡೂಣು."

ತಿರುವು ಬಂದಾಗ ನಾನು ವಾಂತಿಯ ಬಕೀಟು ಅಪ್ಪಿಕೊಂಡಿದ್ದೆ. "ಈಗರ ದರ ಇಳಸ್ತೀರೇನ್ರಿ?" ಎಂದು ನಕ್ಕರು.

ಮಧ್ಯಾಹ್ನ ಯಾರದೋ ಹರಿದ ಬಲೆ ದೋಣಿಯ ಪಂಖಕ್ಕೆ ಸುತ್ತಿಕೊಂಡು ಎಂಜಿನ್ ನಿಂತಿತು. ಗಾಳಿ ನಮ್ಮನ್ನು ಬಂಡೆಗಳ ಕಡೆ ತಳ್ಳುತ್ತಿತ್ತು. ಇದ್ದದ್ದು ಒಂದೇ ಲಂಗರು. ದೋಣಿ ನಡೆಸುವವನು ಅದನ್ನೆತ್ತಿ ಒಗೆಯಲು ನಿಂತ. ಅಕ್ಕ ಕೋಣೆಯೊಳಗಿಂದಲೇ ಕೂಗಿ ತಡೆದರು. ಬ್ಯಾಟರಿಯ ಮೇಲೆ ಪರದೆ ಇನ್ನೂ ಉರಿಯುತ್ತಿತ್ತು; ಬೆಳಿಗ್ಗೆ ತಾವೇ ತೆಗೆದ ನಕ್ಷೆ ಅದರಲ್ಲಿ, ನಮ್ಮ ದೋಣಿ ಅದರ ಮೇಲೊಂದು ಚುಕ್ಕೆ.

"ಇಲ್ಲಿ ಕೆಳಗ ಬರೇ ನುಣ್ಣನ ಕಲ್ಲೈತಿ, ಲಂಗರು ಜಾರ್ತೈತಿ. ಮುಂದ ಕೆಸರಿನ ತಗ್ಗೈತಿ. ತಡೀರಿ."

ಬಂಡೆಗೆ ಬಡಿದ ನೊರೆ ಬಾಗಿಲಲ್ಲಿ ನಿಂತ ನನ್ನ ಮುಖಕ್ಕೆ ಹಾರುವಷ್ಟು ಹತ್ತಿರ ಬಂದಿದ್ದೆವು. "ಒಗಸ್ರಿ ಅಕ್ಕಾರ! ಮನ್ಯಾಗ ಸಣ್ಣ ಮಕ್ಕಳದಾವ್ರಿ!" ಎಂದು ಕಿರುಚಿದೆ.

"ಸಾಲಿನ ಮ್ಯಾಲ ಅದೀನಿ. ಸುಮ್ನಿರ್ರಿ."

ಚುಕ್ಕೆ ತೆವಳಿತು. ಇನ್ನಷ್ಟು ತೆವಳಿತು.

"ಈಗ ಒಗೀರಿ!"

ಹಗ್ಗ ಬಿಗಿಯಿತು. ದೋಣಿ ತಲೆ ತಿರುಗಿಸಿ ನಿಂತಿತು. ಸಂಜೆ ಇನ್ನೊಂದು ದೋಣಿ ಬಂದು ಎಳೆದೊಯ್ಯುವವರೆಗೂ, ಕಟ್ಟಿಹಾಕಿದ ದನದಂತೆ, ಅದೇ ಬಂಡೆಗಳನ್ನು ನೋಡುತ್ತ ಕೂತೆವು. ಅಕ್ಕ ಎಡಗೈಯಲ್ಲಿ ಖಾರದ ಪೊಟ್ಟಣ ಚಾಚಿ, "ತಿರುವು ಬಂತಲ್ರಿ, ಈಗ ಮಾತಾಡ್ರಿ" ಎಂದರು. ನಾನು ಒಂದು ಹಿಡಿ ಖಾರ ತೆಗೆದುಕೊಂಡೆ. ದರ ಅವರು ಹೇಳಿದ್ದೇ ಆಯಿತು.

ಹೋದ ವರ್ಷ ಕಾಯಿಲೆ ಬಿದ್ದು ಸವಣೂರಿಗೆ ಮರಳಿದರು. ನೋಡಲು ಹೋದವನು ಮಂಚದ ಪಕ್ಕ ಕುಳಿತು ಹುಬ್ಬಳ್ಳಿಯ ಆ ಡಾಕ್ಟರು, ಶಿಗ್ಗಾಂವಿಯ ಈ ಔಷಧ ಎಂದು ಸಲಹೆಯ ಗಂಟು ಬಿಚ್ಚಿದೆ. ಕಣ್ಣು ಮುಚ್ಚಿಕೊಂಡೇ ಬಲಗೈ ಎತ್ತಿ ತಡೆದರು.

"ಸಾವಕಾರ್ರ, ಸಾಲಿನ ಮ್ಯಾಲ ಅದೀನ್ರಿ."

ಬಿಚ್ಚಿದ ಗಂಟು ಕಟ್ಟಿದೆ. ತಂದಿದ್ದ ಖಾರದ ಪೊಟ್ಟಣವನ್ನು ಅವರ ಎಡಗೈ ಹತ್ತಿರ ಇಟ್ಟು, ತಿರುವು ಬರಲೆಂದು ಕಾಯುತ್ತ ಕುಳಿತೆ. ಆ ಕಣ್ಣು ಮತ್ತೆ ತೆರೆಯಲೇ ಇಲ್ಲ. ತಿರುವು ಬರಲಿಲ್ಲ.