ಒಂಬತ್ತು ಗಂಟೆಯ ಕಿಟಕಿ

ನಿನ್ನೆ ಬೆಳಗ್ಗೆ ಈರುಳ್ಳಿ ಗೋದಾಮಿನ ಬಾಗಿಲು ತೆರೆದೊಡನೆ ಆ ವಾಸನೆ ಮೂಗಿಗೆ ಬಡಿಯಿತು. ಎಲ್ಲೋ ಗೆಡ್ಡೆ ಕೊಳೆಯುತ್ತಿದೆ. ಚಾವಣಿ ಸೋರಿರಬಹುದು. ಹೆಗ್ಗಣ ತಳದಿಂದ ಕೊರೆದಿರಬಹುದು. ಒಂದು ಸಾಲಿನದು ಇನ್ನೊಂದಕ್ಕೆ ಹತ್ತಿ ಇಡೀ ದಾಸ್ತಾನು ನೀರಾಗಿರಬಹುದು. ಅಜ್ಜಂಪುರದ ಸುತ್ತಿನ ಬೆಳೆಗಾರರೆಲ್ಲ ಟ್ರ್ಯಾಕ್ಟರಿನಲ್ಲಿ ಬಂದು ಕೊಳೆತದ್ದನ್ನು ನಮ್ಮ ಮನೆ ಮುಂದೆ ಸುರಿಯಬಹುದು. ನನ್ನ ಹೆಂಡತಿ ಅದನ್ನು ನನ್ನ ಕೈಲೇ ಬಳಿಸಬಹುದು. ಚಪ್ಪಲಿ ಬಿಡುವಷ್ಟರಲ್ಲಿ ಇಷ್ಟೂ ಯೋಚಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಈ ವಾಸನೆಯನ್ನು ನನಗಿಂತ ಎರಡು ದಿನ ಮೊದಲೇ ಹಿಡಿಯುವವರು ಒಬ್ಬರಿದ್ದರು... ನಮ್ಮ ಬೆಳೆಗಾರರ ಸಂಘದ ಗೋದಾಮನ್ನು ಮೊದಲ ದಿನದಿಂದ ನೋಡಿಕೊಂಡವರು. ಹಿರೇನಲ್ಲೂರಿನ ಕಡೆಯವರು. ಎಲ್ಲರೂ ಯಜಮಾನರು ಎನ್ನುತ್ತಿದ್ದೆವು. ಚೀಲಗಳ ನಡುವೆ ಮೊಣಕೈವರೆಗೆ ಕೈ ತೂರಿಸಿ, ಕಾವು ನೋಡಿ, ಇದನ್ನು ನಾಳೆಯೇ ಸಾಗಿಸಿ ಎನ್ನುವರು. ಸಾಗಿಸುತ್ತಿದ್ದೆವು.

ಒಂದು ವರ್ಷ ಅವರು ಜ್ವರ ಬಂದು ಹತ್ತು ದಿನ ಮಲಗಿದರು. ಅಷ್ಟರಲ್ಲಿ ಎರಡು ಸಾಲು ಹಾಳಾಯಿತು. ಇನ್ನೊಮ್ಮೆ ಹೀಗಾದರೆ ಒಬ್ಬರೂ ಇಲ್ಲಿ ಮಾಲು ಇಡುವುದಿಲ್ಲ, ಗೋದಾಮಿಗೆ ಬೀಗ ಹಾಕಿ ಎಂದುಬಿಟ್ಟರು ಸಭೆಯಲ್ಲಿ ಬೆಳೆಗಾರರು. ಸಂಘದ ಕಾರ್ಯದರ್ಶಿಯಾಗಿದ್ದ ನನ್ನನ್ನು ಅದೇ ತಿಂಗಳು ಕಡೂರಿಗೆ ಒಂದು ತರಬೇತಿಗೆ ಕಳಿಸಿದರು. ಸಂಸ್ಥೆಯ ಆಸ್ತಿ ಕಟ್ಟಡವಲ್ಲ, ಕೆಲಸ ಮಾಡುವವರ ತಲೆಯಲ್ಲಿರುವ ತಿಳಿವಳಿಕೆ. ಅದನ್ನು ಬರೆದಿಟ್ಟು ನಾಲ್ಕು ಜನಕ್ಕೆ ದಾಟಿಸದಿದ್ದರೆ ಆ ಮನುಷ್ಯನ ಜೊತೆಗೇ ಹೋಗುತ್ತದೆ ಎಂದರು ಪಾಠ ಮಾಡಿದವರು. ಉಳಿದವರೆಲ್ಲ ಊಟಕ್ಕೆ ಯಾವಾಗ ಬಿಡುತ್ತಾರೆಂದು ಕಾಯುತ್ತಿದ್ದರು. ನಾನೊಬ್ಬ, ನಮ್ಮ ಯಜಮಾನರು ತರೀಕೆರೆ ರಸ್ತೆಯನ್ನು ಎಡಬಲ ನೋಡದೆ ದಾಟುವುದನ್ನು ನೆನೆದು ಬೆವರುತ್ತಿದ್ದೆ.

ಮರುದಿನವೇ ಇನ್ನೂರು ಪುಟದ ನೋಟ್‌ಬುಕ್ಕು ಹಿಡಿದು ಅವರ ಬೆನ್ನು ಹತ್ತಿದೆ.

"ಏನ್ ಸೆಕ್ರೆಟ್ರಿಗಳೇ, ನಾನಿನ್ನೂ ಬದುಕಿದ್ದೀನಿ ಕಣ್ರೀ. ಆಗ್ಲೇ ತಿಥಿ ಸಾಮಾನು ಬರ್ಕೊಳ್ತಿದ್ದೀರಲ್ಲ" ಎಂದರು.

ಬೈದುಕೊಂಡೇ ಹೇಳಿಕೊಟ್ಟರು. ಕುತ್ತಿಗೆ ದಪ್ಪಗಿರುವ ಗೆಡ್ಡೆ ಮೊದಲು ಮಾರಾಟಕ್ಕೆ ಹೋಗಬೇಕು. ಮಳೆಯಲ್ಲಿ ಕಿತ್ತದ್ದನ್ನು ಒಣಗಿದ್ದರ ಜೊತೆ ಸೇರಿಸಬಾರದು. ಸಾಲುಗಳ ನಡುವೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಜಾಗ ಬಿಡಬೇಕು. ಎಂಥ ಮನುಷ್ಯ ಎಂದು ಕೇಳಿದೆ. ನನ್ನ ಹೊಟ್ಟೆ ನೋಡಿ, "ನೀವಲ್ಲ" ಎಂದರು. ಅದನ್ನೂ ಬರೆದುಕೊಂಡೆ.

ಕಿಟಕಿಗಳಿಗೆ ಗೋಣಿಪರದೆ ಇತ್ತು. ಬೆಳಗ್ಗೆ ಅದನ್ನು ಎಷ್ಟು ಹೊತ್ತಿಗೆ ಸರಿಸಬೇಕೆಂದು ಕೇಳಿದರೆ, ಹೊತ್ತಾದಾಗ ಎನ್ನುವರು. ಹೀಗೆ ಹೇಳಿದರೆ ನಾಳೆ ಬರುವವರಿಗೆ ಏನು ತಿಳಿದೀತು? ಐದು ದಿನ ಅವರು ಪರದೆ ಸರಿಸುವಾಗ ನನ್ನ ಕೈಗಡಿಯಾರ ನೋಡಿ 'ಒಂಬತ್ತು ಗಂಟೆ' ಎಂದು ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಕಳೆದ ಆಷಾಢದಲ್ಲಿ ಯಜಮಾನರು ತೀರಿಕೊಂಡರು. ರಸ್ತೆಯಲ್ಲಲ್ಲ, ಮನೆಯಲ್ಲಿ, ಊಟ ಮುಗಿಸಿ ಒರಗಿದವರು ಹಾಗೆಯೇ... ಮಣ್ಣು ಹಾಕಿ ಬಂದು ನಾನು ಮೊದಲು ಮಾಡಿದ್ದು ನೋಟ್‌ಬುಕ್ಕು ಬೀರುವಿನಲ್ಲಿದೆಯೇ ಎಂದು ನೋಡಿದ್ದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅದನ್ನು ಕಂಪ್ಯೂಟರಿಗೆ ಏರಿಸಿ, ಮೂರು ಪ್ರತಿ ತೆಗೆಸಿ, ಒಂದನ್ನು ಹೊಸದಾಗಿ ಗೋದಾಮಿಗೆ ಬಂದವರಿಗೆ ಕೊಟ್ಟಿದ್ದೆ.

ನಿನ್ನೆ ಅವರೂ ನಾನೂ ವಾಸನೆ ಹಿಡಿದು ಸಾಲು ಸಾಲು ಹುಡುಕಿದೆವು. ಉತ್ತರದ ಕಿಟಕಿಯ ಕೆಳಗೆ ಮೂರು ಚೀಲ ಒದ್ದೆಯಾಗಿದ್ದವು. ಮೂರೇ. ಬೇರೆ ಮಾಡಿ ಹೊರಗೆ ಹಾಕಿದರೆ ಉಳಿದದ್ದು ಉಳಿಯುತ್ತದೆ. ಬೀಗ ಹಾಕುವ ಮಾತು ಬರಲಾರದು. ಹೊಸಬರ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ನೀವು ಬರ್ದಿರೋ ಹಂಗೇ ಒಂಬತ್ತಕ್ಕೆ ತೆಗ್ದಿದ್ದೀನಿ ಸಾರ್. ಒಂದಿನಾನೂ ತಪ್ಪಿಸಿಲ್ಲ."

ಅವರದೇನೂ ತಪ್ಪಿರಲಿಲ್ಲ. ಎಂಟು ದಿನದಿಂದ ಹೊರಗೆ ಮಂಜು, ಹನ್ನೊಂದಾದರೂ ಬಿಡುತ್ತಿರಲಿಲ್ಲ. ಒಂಬತ್ತಕ್ಕೆ ಪರದೆ ಸರಿಸಿದ ಕಿಟಕಿಯಿಂದ ಅದೇ ಒಳಗೆ ಬಂದು ಚೀಲಗಳ ಮೇಲೆ ಕೂತಿತ್ತು. ಚೀಲ ಎಳೆಯಲು ಬಗ್ಗಿದಾಗ ಗೋಣಿಪರದೆ ನನ್ನ ಕೆನ್ನೆಗೆ ತಾಗಿತು. ತಣ್ಣಗೆ, ಹಸಿಯಾಗಿ. ಹಾಗೇ ನಿಂತುಬಿಟ್ಟೆ.

ಪರದೆ ಸರಿಸುವ ಮೊದಲು ಯಜಮಾನರು ದಿನಾ ಅದಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಒಂದು ಗಳಿಗೆ ನಿಲ್ಲುತ್ತಿದ್ದರು. ಐದು ದಿನವೂ ನೋಡಿದ್ದೆ. ದೇವರಿಗೆ ಕೈಮುಗಿಯುತ್ತಿದ್ದಾರೆಂದುಕೊಂಡು, ಮರ್ಯಾದೆಗೆ ಪೆನ್ನು ಮುಚ್ಚಿ, ಬೇರೆ ಕಡೆ ನೋಡುತ್ತಾ ನಿಂತಿದ್ದೆ.