ಅಜ್ಜಿಯ ನಾಕೌಟ್

ಮಗಳು ಇಂದು ಗದಗಿನಲ್ಲಿ ಮೊದಲ ಪಂದ್ಯದಲ್ಲೇ ಸೋತು ಬಂದು, ಬೂಟುಗಳನ್ನು ಮೂಲೆಗೆ ಎಸೆದಳು. ಒದ್ದೆ ಬೂಟಿನ ಆ ವಾಸನೆಗೆ ಮುಳಗುಂದದ ನಮ್ಮ ಮನೆಯ ಕಟ್ಟೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಒಂದು ದಿನ ಅಲ್ಲಿ ನಮ್ಮಜ್ಜಿ ಕಾಕಾನ ಫುಟ್‌ಬಾಲ್ ಬೂಟಿಗೆ ಔಡಲೆಣ್ಣೆ ತಿಕ್ಕುತ್ತ ಕೂತಿದ್ದಳು. ಕಾಕಾ ಊರ ತಂಡದ ಗೋಲ್‌ಕೀಪರ್. ಸುತ್ತಲಿನ ಊರುಗಳು ವರ್ಷಕ್ಕೊಮ್ಮೆ ಆಡುವ ನಾಕೌಟ್ ಕಪ್‌ನಲ್ಲಿ ಒಮ್ಮೆ ಸೋತರೆ ಮುಗಿಯಿತು. ಹಿಂದಿನ ದಿನ ಅವನ ಕೈಯಿಂದ ಚೆಂಡು ಜಾರಿ ನಾವು ಶಿರಹಟ್ಟಿಯವರಿಗೆ ಸೋತಿದ್ದೆವು. ಇನ್ನು ಆಡುವುದೇ ಇಲ್ಲ ಎಂದು ಅವನು ಬೂಟುಗಳನ್ನು ಯಾರಿಗಾದರೂ ಕೊಟ್ಟುಬಿಡಲು ಹೊರಟಿದ್ದ.

“ಎಣ್ಣಿ ಯಾಕ ಹಾಳ ಮಾಡ್ತಿ ಅವ್ವಾ? ಇದು ನಾಕೌಟ್. ಮುಗೀತು.”

“ನನಗೂ ಗೊತ್ತೈತಿ ಬಿಡೋ. ನಾಕ ಸಲ ಔಟಾದ್ರ ಹೊರಗ. ನಿಂದು ಒಂದ ಆಗೇತಿ. ಇನ್ನಾ ಮೂರ ಅದಾವ.”

ನಾವೆಲ್ಲ ನಕ್ಕೆವು. ಅಜ್ಜಿಗೆ ನಾಕೌಟ್ ಎಂದರೆ ನಾಲ್ಕು ಔಟು. ತಿದ್ದಲು ಬಾಯಿ ತೆರೆದ ಕಾಕಾ, ಆಮೇಲೆ ಇನ್ನೊಂದು ಬೂಟನ್ನೂ ಅವಳ ಮುಂದಿಟ್ಟ.

ಮರುವರ್ಷ ಲಕ್ಷ್ಮೇಶ್ವರದಲ್ಲಿ ಸೋತು ಬಂದಾಗ ಅಜ್ಜಿ “ಎರಡಾತು” ಎಂದಳು. ಅದರ ಮರುವರ್ಷ ಕಪ್ ನಮ್ಮೂರಿಗೆ ಬಂತು. ಅಜ್ಜಿ ಅದರೊಳಗೆ ಇಣುಕಿ ನೋಡಿ, “ಇನ್ನಾ ಎರಡ ಔಟ ಉಳದಾವ. ಜ್ವಾಕಿ ಇಟ್ಕೋ” ಎಂದಳು.

ಮಗಳ ಬೂಟಿಗೆ ಎಣ್ಣೆ ಬೇಕಿಲ್ಲ. ನಾನು ಬಟ್ಟೆ ತಂದು ಮಣ್ಣು ಒರೆಸತೊಡಗಿದೆ.

“ಯಾಕ ಒರಸ್ತಿ ಅಮ್ಮಾ? ಇದು ನಾಕೌಟ್.”

“ಗೊತ್ತೈತಿ. ನಿನ್ನವು ಮೂರ ಅದಾವ. ಮ್ಯಾಲ ನಮ್ಮಜ್ಜಿ ಕಾಕಾಗ ಉಳಿಸಿದ್ದು ಎರಡ.”