ಯಾವ ಮೂತಿ ಯಾವ ಮೈಗಾದರೂ

ಹೊಡೆದು ಬೀಳಿಸುವುದಕ್ಕೆಂದೇ ಒಂದು ವಿಮಾನ ಮಾಡುತ್ತಾರೆ ಎನ್ನುವುದು ನಲವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಸೈನಿಕರು ಗುರಿ ಕಲಿಯುವಾಗ ಆಕಾಶಕ್ಕೆ ಬಿಡುವ, ಒಳಗೆ ಆಳಿಲ್ಲದ ಸಣ್ಣ ವಿಮಾನ ಅದು. ಗುಂಡು ತಾಗಿದರೆ ಬಿತ್ತು. ತಾಗದಿದ್ದರೆ ಇಳಿಸಿ, ಮುರಿದದ್ದನ್ನು ಬದಲಾಯಿಸಿ, ಮತ್ತೆ ಹಾರಿಸುತ್ತಾರೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಅದನ್ನು ಮಾಡುತ್ತಿದ್ದರು. ಅದರ ಮೂತಿ ಕಡೆದವನು ನಾನು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಲೇತಿನ ಮುಂದೆ ಇಪ್ಪತ್ತೈದು ವರ್ಷ ಕೂತಿದ್ದೇನೆ. ಭರಣಿಗೆ ಮುಚ್ಚಳ ಕೂರಿಸುವ ಕೆಲಸದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ. ಅದನ್ನು ಯಾರಿಂದಲೋ ಕೇಳಿಕೊಂಡೇ ಶೆಡ್ಡಿನ ಇಂಜಿನಿಯರ್ ಮೇಡಂ ನನ್ನನ್ನು ಹುಡುಕಿಕೊಂಡು ಬಂದರು.

ದೊಡ್ಡ ಓದು ಓದಿದವರೆಲ್ಲ ಇನ್ನೂ ದೂರ, ಇನ್ನೂ ಜೋರು ಎಂದು ಸಂಶೋಧನೆ ಮಾಡುತ್ತಾರಂತೆ. ಈ ವಿಮಾನಕ್ಕೆ ಅದು ಬೇಡ ಎಂದರು ಮೇಡಂ. ಮೊದಲು ಅಗ್ಗವಾಗಿರಬೇಕು, ಆಮೇಲೆ ಬಯಲಿನಲ್ಲಿ ನಿಂತು ಯಾರು ಬೇಕಾದರೂ ರಿಪೇರಿ ಮಾಡುವಂತಿರಬೇಕು, ಮಿಕ್ಕದ್ದೆಲ್ಲ ಅದರ ಹಿಂದೆ. ಮೂತಿಗೆ ನಾವು ಗೊಂಬೆ ಕಡೆಯುವ ಆಲೆ ಮರವೇ ಸಾಕು ಎಂದು ಅವರ ಎಣಿಕೆ. ಹಗುರ, ಬಿದ್ದರೂ ಅಷ್ಟು ಸುಲಭಕ್ಕೆ ಸೀಳುವುದಿಲ್ಲ. ಶೆಡ್ಡಿನ ಮಾಲೀಕರಿಗೆ ಮಾತ್ರ ಅಚ್ಚಿಗೆ ಹಾಕಿದ ಪ್ಲಾಸ್ಟಿಕ್ ಮೇಲೆ ಮನಸ್ಸು. ಆರು ವಿಮಾನ ಮಾಡಿ ಪರೀಕ್ಷೆ ನಡೆಸುವುದು, ಅದರಲ್ಲಿ ಮರ ನಿಂತರೆ ಮರ, ಇಲ್ಲದಿದ್ದರೆ ಪ್ಲಾಸ್ಟಿಕ್ ಎಂದು ಮಾತಾಯಿತು. ನಾನು ಊರಿನ ಲೇತು ಬಿಟ್ಟು ಹಾರೋಹಳ್ಳಿಗೆ ಹೋದೆ.

ನಮ್ಮ ಕಸುಬಿನಲ್ಲಿ ಕುಂಕುಮದ ಭರಣಿ ಮೊದಲು, ಮುಚ್ಚಳ ಆಮೇಲೆ. ಆ ಭರಣಿಯ ಬಾಯಿಗೇ ಹಿಡಿದು ನೋಡುತ್ತ, ಒಂದೊಂದೇ ಎಳೆ ತೆಗೆಯುತ್ತ ಮುಚ್ಚಳ ಕಡೆಯುತ್ತೇವೆ. ಮುಚ್ಚುವಾಗ ಒಳಗಿನ ಗಾಳಿ ಉಸ್ಸೆಂದು ಹೊರಗೆ ಬಂದರೆ ಕೆಲಸ ಮುಗಿಯಿತು. ಒಂದರ ಮುಚ್ಚಳ ಇನ್ನೊಂದಕ್ಕೆ ಕೂರಬಾರದು. ಕೂತರೆ ಅದು ಸಂತೆ ಮಾಲು. ವಿಮಾನದ ಮೈ ಎಂದರೆ ಫೈಬರಿನ ಒಂದು ಕೊಳವೆ. ಮೂತಿಯ ಕುತ್ತಿಗೆ ಅದರೊಳಗೆ ಹೋಗಿ ಕೂರಬೇಕು. ಮೇಡಂ ಕಾಗದದಲ್ಲಿ ಅಳತೆ ಬರೆದುಕೊಟ್ಟಿದ್ದರು. ಕೊಳವೆಯೇ ಪಕ್ಕದಲ್ಲಿರುವಾಗ ಕಾಗದ ಯಾಕೆ ಎಂದುಕೊಂಡು, ಆರು ಕೊಳವೆಗೂ ಆರು ಮೂತಿ ಹಿಡಿದು ಹಿಡಿದು ಕಡೆದೆ. ಅರಗು ಹಚ್ಚಿ, ತಾಳೆಗರಿಯಲ್ಲಿ ಹೊಳಪು ಕೊಟ್ಟು, ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂದು ಪೆನ್ಸಿಲಿನಲ್ಲಿ ನಂಬರೂ ಬರೆದೆ. ಆರೂ ಉಸ್ಸೆಂದವು.

ಪರೀಕ್ಷೆ ನಡೆದದ್ದು ಕನಕಪುರದ ಕಡೆಯ ಒಂದು ಬೀಳು ಹೊಲದಲ್ಲಿ. ಮಿಲಿಟರಿಯಿಂದ ನಿವೃತ್ತರಾದ ಮಾಗಡಿ ಕಡೆಯ ಹವಾಲ್ದಾರರೊಬ್ಬರು ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಹಾರಿಸಿ ನೋಡುವುದು ಅವರ ಪಾಲು. ಆರೂ ಹಾರಿದವು, ಆರೂ ಇಳಿದವು. ನಾನು ಬೀಡಿ ಹಚ್ಚಿದೆ. ಅಷ್ಟರಲ್ಲಿ ಹವಾಲ್ದಾರರು ಮೂತಿಗಳನ್ನೆಲ್ಲ ಕಿತ್ತು ಒಂದು ಗೋಣಿಗೆ ಹಾಕಿ ಕುಲುಕಿದರು. ಗಡಿಯ ಚಳಿಯಲ್ಲಿ ತೊಡುವಂಥ ದಪ್ಪ ಕೈಗವಸು ತೊಟ್ಟು, ಕೈಗೆ ಸಿಕ್ಕ ಮೂತಿಯನ್ನು ಕೈಗೆ ಸಿಕ್ಕ ಮೈಗೆ ಹಾಕಿದರು. ಒಂದು ಕಳಚಿ ಬಿತ್ತು. ಇನ್ನೊಂದು ಅರ್ಧಕ್ಕೇ ಸಿಕ್ಕಿಕೊಂಡಿತು.

“ಏನ್ಲಾ ಇದು? ಮೂತಿಗೂ ಮೈಗೂ ಲಗ್ನ ಮಾಡ್ಬುಟ್ಟಿದ್ದೀಯಾ?” ಎಂದರು. “ಇವ್ಳು ಇನ್ನೊಬ್ನ ಮನೆ ಮೆಟ್ಲು ತುಳಿಯಾಕೇ ಇಲ್ವಾ?”

“ನಂಬರ್ ಬರ್ದಿವ್ನಿ ಕಣಣ್ಣಾ. ಮೂರಕ್ಕೆ ಮೂರು ಹಾಕು, ಹೆಂಗೆ ಕೂರ್ತದೆ ನೋಡು.”

“ಮೂರ್ನೇದು ಗುಂಡು ತಿಂದು ಚೂರಾಯ್ತು ಅಂದ್ಕೊ. ಅದ್ರ ಮೂತಿ ಮಡೀಕಂಡು ನಾನೇನ್ಲಾ ಮಾಡ್ಲಿ? ಉಪ್ಪು ತುಂಬಾನಾ?”

ಮೇಡಂ ನಗಲಿಲ್ಲ. “ಅಣ್ಣ, ಒಂದೊಂದಾಗಿ ನೋಡಿದ್ರೆ ಎಲ್ಲಾ ಚೆನ್ನಾಗಿದೆ. ಆರೂ ಸೇರಿಸಿದ್ರೆ ಕೆಲಸಕ್ಕೆ ಬರಲ್ಲ. ಸೋಮವಾರ ಮಾಲೀಕರು ಬರ್ತಾರೆ. ಮರ ಆಗಲ್ಲ ಅಂತ ಹೇಳ್ಬಿಡ್ಲಾ?”

ಬಾಯಿಗೆ ಬಂದದ್ದು ಬೇರೆ ಮಾತು. ಅದನ್ನು ನುಂಗಿಕೊಂಡೆ. “ಮರದ್ದೇನೂ ತಪ್ಪಿಲ್ಲ ಮೇಡಂ, ನನ್ ಕೈ ಅಭ್ಯಾಸದ್ದು. ಸೋಮವಾರದ ತನಕ ಒಸಿ ತಡೀರಿ” ಎಂದೆ.

ಶೆಡ್ಡಿಗೆ ಬಂದ ಮೇಲೆ ಮೇಡಂ ಎರಡು ಉಕ್ಕಿನ ಬಳೆ ಕೊಟ್ಟರು. ಮೂತಿಯ ಕುತ್ತಿಗೆ ಒಂದು ಬಳೆಯೊಳಗೆ ಹೋಗಬೇಕು, ಇನ್ನೊಂದರೊಳಗೆ ಹೋಗಬಾರದು. ಅಷ್ಟೇ ಲೆಕ್ಕ. ಅಗ್ಗದ ಕೊಳವೆಗಳು, ಒಂದರ ಬಾಯಿ ಇನ್ನೊಂದರಂತಿಲ್ಲ. ಅದಕ್ಕೆ ಎಲ್ಲಕ್ಕಿಂತ ಚಿಕ್ಕ ಬಾಯಿಗೂ ಸಡಿಲವಾಗುವಷ್ಟು ಕಡೆದು, ಕುತ್ತಿಗೆಯ ಸುತ್ತ ಸಣ್ಣ ಕಾಲುವೆಯಂತೆ ಗಾಡಿ ತೋಡಿ ರಬ್ಬರ್ ಉಂಗುರ ಹಾಕುವುದು. ಮಿಕ್ಕ ಸಂದನ್ನು ಅದು ತುಂಬುತ್ತದೆ. ಕುತ್ತಿಗೆಗೆ ಅರಗು ಹಚ್ಚುವ ಹಾಗಿಲ್ಲ. ಅದರ ದಪ್ಪ ಒಂದೊಂದು ಸಲ ಒಂದೊಂದು ಥರ.

ಬೇಕೆಂದೇ ಸಡಿಲ ಕಡೆಯುವುದು ಸುಲಭವಲ್ಲ. ಬಿಗಿ ಬರುವ ಜಾಗಕ್ಕೆ ಉಳಿ ತಾನಾಗಿ ನಿಲ್ಲುತ್ತಿತ್ತು, ಬಳೆ ಹೋಗುತ್ತಿರಲಿಲ್ಲ. ಇನ್ನೊಂದು ಎಳೆ ತೆಗೆದರೆ ಮೂತಿ ಕೊಳವೆಯಲ್ಲಿ ಲೊಡಲೊಡ ಅನ್ನುತ್ತಿತ್ತು. ಚಿಕ್ಕಂದಿನಲ್ಲಿ ಅಂಥ ಮುಚ್ಚಳ ಕಡೆದದ್ದಕ್ಕೆ ತಲೆಗೆ ಮೊಟಕಿಸಿಕೊಂಡಿದ್ದೇನೆ. ಮೊದಲ ನಾಲ್ಕು ಸೌದೆಗೆ ಹೋದವು. ಭಾನುವಾರ ಸಂಜೆಯ ಹೊತ್ತಿಗೆ ಆರು ನಿಂತವು.

ಸೋಮವಾರ ಮಾಲೀಕರ ಎದುರಿಗೇ ಹವಾಲ್ದಾರರು ಗೋಣಿ ಕುಲುಕಿದರು. ಕೈಗವಸು ತೊಟ್ಟು, ಕಣ್ಣನ್ನೂ ಮುಚ್ಚಿಕೊಂಡು ಒಂದು ಹಾಕಿದರು. ಕೂತಿತು. ಹಠಕ್ಕೆ ಬಿದ್ದವರಂತೆ ಒಂದೊಂದು ಮೂತಿಯನ್ನೂ ಆರು ಮೈಗೂ ಹಾಕಿ ನೋಡಿದರು.

“ಈಗ ದಾರಿಗ್ ಬಂದ್ಲು ಕಣ್ಲಾ” ಎಂದರು.

ಮಾಲೀಕರು ಒಂದು ಮೂತಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಮರಾನೇ ಇರ್ಲಿ. ಈ ಬಳೆ ಕೊಟ್ರೆ ಬೇರೆಯವರೂ ಇದನ್ನ ಕಡೀಬಹುದಾ?”

ಆಗುವುದಿಲ್ಲ ಎಂದಿದ್ದರೆ ನಂಬುತ್ತಿದ್ದರು. ಮರದ ವಿಚಾರ ಅಲ್ಲಿ ಇನ್ಯಾರಿಗೂ ತಿಳಿಯದು. ಮೇಡಂ ನನ್ನ ಕಡೆ ನೋಡುತ್ತಿದ್ದರು.

“ಲೇತ್ ಗೊತ್ತಿರೋರು ಯಾರ್ ಬೇಕಾದ್ರೂ ಕಡೀಬೌದು” ಎಂದೆ.

ಮರುವಾರ ನಾಲ್ಕು ಜೊತೆ ಬಳೆ ಹಿಡಿದುಕೊಂಡು ಬಸ್ಸು ಹತ್ತಿದೆ. ಈಗ ನಮ್ಮ ಬೀದಿಯಲ್ಲಿ ಮೂರು ಮನೆಯವರು, ದೊಡ್ಡಮಳೂರಿನಲ್ಲಿ ಒಬ್ಬರು ಮೂತಿ ಕಡೆಯುತ್ತಾರೆ. ಬಿಗಿ ಬಿಡುವುದನ್ನು ಅವರಿಗೆ ಕಲಿಸಿದವನು ನಾನೇ. ಎಲ್ಲರ ಮಾಲೂ ಒಂದೇ ಚೀಲದಲ್ಲಿ ಹಾರೋಹಳ್ಳಿಗೆ ಹೋಗುತ್ತದೆ. ಮೊದಮೊದಲು ನಾನು ಕಡೆದ ಮೂತಿಯ ಬುಡಕ್ಕೆ ಉಳಿಯ ತುದಿಯಲ್ಲಿ ಸಣ್ಣ ಗೆರೆಯೊಂದನ್ನು ಹಾಕುತ್ತಿದ್ದೆ. ಆ ಗೆರೆ ಏನು ಕೆಲಸ ಮಾಡುತ್ತದೆ ಎಂದು ಮೇಡಂ ಫೋನ್ ಮಾಡಿ ಕೇಳಿದರು. ಏನೂ ಇಲ್ಲ ಎಂದೆ. ಆಮೇಲೆ ಹಾಕಲಿಲ್ಲ.